ಒಳಮನೆಯ ಗೋಡೆಗಳು

ಈಗ ನನ್ನ ಮೊಣಕಾಲು ನಿಚ್ಚಣಿಕೆ ಹತ್ತಲು ಒಪ್ಪುವುದಿಲ್ಲ. ಆದರೂ ಗೋಕಾಕದ ನಮ್ಮ ಮನೆಗೆ ವಾರಕ್ಕೊಬ್ಬರಾದರೂ ಬಂದು, “ಕಾಶವ್ವ, ಗ್ವಾಡಿ ಬಣ್ಣ ಉದರಾಕತ್ತೈತಿ, ಏನ ಮಾಡೂದು?” ಎಂದು ಕೇಳುತ್ತಾರೆ. ಕಸಬು ಕಲಿಯುವ ಹೊಸಬರೂ ಬರುತ್ತಾರೆ. ಈಚೆಗೆ ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಬಂದವರೆಲ್ಲ ಮೊದಲು ಕೇಳುವುದು ಎಷ್ಟು ಸುಣ್ಣಕ್ಕೆ ಎಷ್ಟು ನೀಲಿ, ಎಷ್ಟು ಅಂಟು ಎಂದು. ಅದು ಒಂದು ದಿನದಲ್ಲಿ ಕಲಿಯುವ ಮಾತು. ನಾನು ಕೆಡಿಸಿದ ಒಂದೆರಡು ಮನೆಗಳ ಮಾತು ಹೇಳುತ್ತೇನೆ, ಕೇಳಿಸಿಕೊಳ್ಳುವ ತಾಳ್ಮೆ ಇದ್ದವರು ಕುಳಿತುಕೊಳ್ಳುತ್ತಾರೆ. ಚಂದ ಬಂದ ಮನೆಗಳು ಬೇಕಾದಷ್ಟಿವೆ, ಅವನ್ನು ಹೋಗಿ ನೋಡಿದರಾಯಿತು.

ನನಗೆ ಓದಲು ಬರುತ್ತದೆ, ಬರೆಯಲು ಕೈ ತಿರುಗುವುದಿಲ್ಲ. ಹೇಳಿದ್ದನ್ನು ಸೊಸೆ ಬರೆಯುತ್ತಿದ್ದಾಳೆ. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವವಳು, ನನ್ನ ಮಾತನ್ನು ಪುಸ್ತಕದ ಮಾತಿಗೆ ತಿದ್ದಿದ್ದಾಳೆ. ಮಂದಿ ಆಡಿದ್ದನ್ನು ಮಾತ್ರ ಆಡಿದ ಹಾಗೆಯೇ ಬರಿ ಎಂದು ತಾಕೀತು ಮಾಡಿದ್ದೇನೆ.

ನನ್ನ ತವರು ಗೋಕಾಕದ ಆಟಿಗೆ ಮಾಡುವ ಮನೆತನ. ಗಂಡಸರು ಮರ ಕೆತ್ತಿ ಕುದುರೆ, ಗಿಳಿ, ಹಣ್ಣಿನ ಗೊಂಬೆ ಮಾಡುತ್ತಿದ್ದರು. ಬಣ್ಣ ಅರೆದು ಹಚ್ಚುವುದು ಹೆಂಗಸರ ಕೆಲಸ. ಮದುವೆ ಮಾಡಿಕೊಟ್ಟದ್ದು ಮನೆಗಳ ಒಳಗೆ ಬಣ್ಣ ಹಚ್ಚುವವರಿಗೆ. ನಮ್ಮವರು ಇಮಾಮಸಾಬ ಮೇಸ್ತ್ರಿಗಳ ಗುಂಪಿನಲ್ಲಿ ದುಡಿಯುತ್ತಿದ್ದರು. ಬಣ್ಣದವರನ್ನು ಕರೆಸುವುದು ಆಗ ದೇಸಾಯರ ವಾಡೆಗಳಿಗೆ, ಪೇಟೆಯ ಸಾವಕಾರರ ಮನೆಗಳಿಗೆ ಮಾತ್ರ. ಉಳಿದವರ ಮನೆಯಲ್ಲಿ ಹಬ್ಬ ಬಂತೆಂದರೆ ಹೆಂಗಸರೇ ಗೋಡೆ ಸಾರಿಸಿ, ಸುಣ್ಣ ಬಳಿದು, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದುಕೊಳ್ಳುತ್ತಿದ್ದರು. ಅದನ್ನು ಯಾರೂ ಕಸಬು ಅನ್ನುತ್ತಿರಲಿಲ್ಲ.

ಹುಕ್ಕೇರಿಯ ಒಂದು ವಾಡೆಯ ಪಡಸಾಲೆಯಲ್ಲಿ ನಮ್ಮವರು ಜಂತಿಗೆ ಎಣ್ಣೆ ಬಣ್ಣ ಹಚ್ಚುತ್ತಿದ್ದಾಗ, ಆಗಷ್ಟೇ ಸಾರಿಸಿದ ನೆಲದ ಮೇಲೆ ನಿಚ್ಚಣಿಕೆಯ ಕಾಲು ಜಾರಿತು. ಬಲಗೈಯ ಭುಜ ಮುರಿದುಕೊಂಡು ಬಂಡಿಯಲ್ಲಿ ಮಲಗಿ ಊರಿಗೆ ಬಂದರು. ಎಲುಬು ಕೂಡಿತು, ಕೈ ಮಾತ್ರ ಹೆಗಲಿಗಿಂತ ಮೇಲೆ ಏಳಲಿಲ್ಲ. ಗೋಡೆಗೆ ಬಣ್ಣ ಹಚ್ಚುವವನ ಕೈ ಹೆಗಲಿಗಿಂತ ಮೇಲೆ ಏಳದಿದ್ದರೆ ಅವನು ಏನು ಮಾಡಬೇಕು? ತಿಂಗಳುಗಟ್ಟಲೆ ಅವರು ಗೋಡೆಗೆ ಮುಖ ಮಾಡಿ ಕುಳಿತಿದ್ದರು. ನಾನು ತವರಿನಿಂದ ಆಟಿಗೆ ತಂದು ಬಣ್ಣ ಹಚ್ಚಿ ಕೊಡುತ್ತಿದ್ದೆ.

ಒಂದು ಮುಂಜಾನೆ ಮೇಸ್ತ್ರಿ ಬಂದರು. ಅದೇ ವಾಡೆಯಲ್ಲಿ ಕೆಲಸ ಅರ್ಧಕ್ಕೆ ನಿಂತಿತ್ತು. ಹೊರಗಿನ ಪಡಸಾಲೆ ಮುಗಿದಿತ್ತು, ಒಳಮನೆ ಉಳಿದಿತ್ತು. ಅಲ್ಲಿ ಗಂಡಸು ಕೆಲಸಗಾರರಿಗೆ ಪ್ರವೇಶವಿಲ್ಲ. ಮೊದಲಾಗಿದ್ದರೆ ಬಣ್ಣ ಹಚ್ಚುವ ದಿನಗಳಲ್ಲಿ ಮನೆಯ ಹೆಂಗಸರು ನೆಂಟರ ಮನೆಗೆ ಹೋಗುತ್ತಿದ್ದರು. ಈ ಸಲ ಹಿರಿಯ ಮಗಳು ಬಾಣಂತಿ, ಕಿರಿಯವಳ ಮದುವೆ ಹತ್ತಿರ ಬಂದಿದೆ. ಮನೆ ಬಿಟ್ಟು ಕದಲುವುದಿಲ್ಲ ಎಂದು ಅವರ ತಾಯಿ, ಎಲ್ಲರೂ ಆಯಿಸಾಹೇಬ ಎಂದು ಕರೆಯುವವರು, ಹೇಳಿ ಕಳಿಸಿದ್ದರಂತೆ.

“ಕಾಶವ್ವ, ನೀ ಆಟಿಗಿಗೆ ಬಣ್ಣ ಹಚ್ಚೂದ ನೋಡೀನಿ,” ಅಂದರು ಮೇಸ್ತ್ರಿ. “ಅಷ್ಟ ಸಣ್ಣ ಗಿಳಿಗೆ ಕಣ್ಣ ಬರಿಯಾಕಿಗೆ ಗ್ವಾಡಿ ಬಳಿಯಾಕ ಆಗೂದಿಲ್ಲೇನ?”

“ಗಿಳಿ ನನ್ನ ಕೈಯಾಗ ಹಿಡಸತೈತ್ರಿ ಮೇಸ್ತ್ರಿ. ಗ್ವಾಡಿ ಹೆಂಗ ಹಿಡಸಬೇಕು?”

“ಅದನ್ನ ನಾ ಕಲಿಸಿ ಕೊಡ್ತೇನಿ.”

ನಾನು ನಮ್ಮವರ ಕಡೆ ನೋಡಿದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆ ಬಿಟ್ಟು ಈ ಕಡೆ ತಿರುಗಿ, “ಬಣ್ಣ ನಾ ಕಲಸಿ ಕೊಡ್ತೇನಿ. ನೀ ಹಚ್ಚು,” ಅಂದರು. ಎಡಗೈಯಿಂದ ಬಣ್ಣ ಕಲಸುವುದನ್ನು ಆ ವಾರವೇ ರೂಢಿ ಮಾಡಿಕೊಂಡರು. ಓಣಿಯವರು ನಾಲ್ಕು ದಿನ ಆಡಿಕೊಂಡರು, ಆಮೇಲೆ ಅವರಿಗೆ ಬೇರೆ ಸುದ್ದಿ ಸಿಕ್ಕಿತು.

ಹುಕ್ಕೇರಿಯಲ್ಲಿ ನಮ್ಮ ಏರ್ಪಾಡು ಹೀಗಿತ್ತು. ಹೊರ ಅಂಗಳದ ಬೇವಿನ ಮರದ ಕೆಳಗೆ ಮೇಸ್ತ್ರಿ ಮತ್ತು ನಮ್ಮವರು ಸುಣ್ಣ ಸೋಸಿ, ಬಣ್ಣ ಕಲಸಿ ಗಡಿಗೆಗಳನ್ನು ನಡುಬಾಗಿಲಿಗೆ ತಂದಿಡುವುದು. ಅಲ್ಲಿಂದ ಒಳಗೆ ನಾನು ಹೊರುವುದು. ನಿಚ್ಚಣಿಕೆಯನ್ನು ಮನೆಯ ಕೆಲಸದ ಹೆಂಗಸೊಬ್ಬಳು ಹಿಡಿಯುತ್ತಿದ್ದಳು. ಅಡಿಗೆಮನೆ, ಬಾಣಂತಿಯ ಕೋಣೆಯ ಹೊರಗಿನ ನಡುಮನೆ, ಎಲ್ಲ ಬಿಳಿ ಸುಣ್ಣ. ಅದು ತಾನಾಗಿ ಸಾಗಿತು. ಮೂರೇ ದಿನಕ್ಕೆ ನಾನು ಮೇಸ್ತ್ರಿಯೇ ಆದೆ ಅಂದುಕೊಂಡೆ.

ಮದುಮಗಳ ಕೋಣೆಗೆ ತಿಳಿ ನೀಲಿ ಬೇಕೆಂದರು. ಮೇಸ್ತ್ರಿ ಕಲಸಿಕೊಟ್ಟದ್ದನ್ನು ಹಚ್ಚಿದೆ, ಬಹಳ ಚಂದ ಕಂಡಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನೋಡಿದರೆ ಗೋಡೆ ಬೆಳ್ಳಗಾಗಿದೆ, ನೀಲಿ ಎಲ್ಲಿ ಹೋಯಿತೋ! ಇನ್ನೂ ಎರಡು ಕೈ ಹಚ್ಚುವುದಿದೆ, ಕೈ ಮೇಲೆ ಕೈ ಬಿದ್ದಂತೆ ಬಣ್ಣ ತಾನೇ ಏರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಹೊರಗೆ ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಮರುದಿನ ಗಡಿಗೆ ಒಳಗೆ ಬಂದ ಮೇಲೆ ನಾನೇ ಎರಡು ಹಿಡಿ ನೀಲಿ ಸುರುವಿ ತಿರುವಿದೆ. ಸಾಲದ್ದಕ್ಕೆ, ಗೋಡೆಯ ನಡುಮಧ್ಯಕ್ಕೆ ಬಂದಾಗ ಊಟಕ್ಕೆ ಕರೆದರೆಂದು ಕುಂಚ ಇಟ್ಟು ಎದ್ದು ಹೋದೆ. ಸಂಜೆಗೆ ಗೋಡೆ ಒಣಗಿದಾಗ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಬೂದಿ, ನಡುವೆ ಊಟಕ್ಕೆ ಎದ್ದ ಜಾಗದಲ್ಲಿ ಉದ್ದನೆಯ ಗೆರೆ.

ಆಯಿಸಾಹೇಬರು ಬಾಗಿಲಲ್ಲಿ ನಿಂತು ನೋಡಿದರು.

“ಏನ ಕಾಶವ್ವ, ಇದು ಗ್ವಾಡಿಯೋ, ನೀಲಿ ಹಾಕಿ ಹಿಂಡದ ಬಿಟ್ಟ ಧೋತರೋ?”

ಒಳಗಿನಿಂದ ಬಾಣಂತಿ ಕಿಸಕ್ಕನೆ ನಕ್ಕಳು. ಸುಣ್ಣ ಸರಿ ಇರಲಿಲ್ಲ, ನೀಲಿ ಕಲಬೆರಕೆ ಎಂದು ಹೇಳಬಹುದಿತ್ತು, ಅವರು ನಂಬುತ್ತಿದ್ದರು. ಬಾಯಿಗೆ ಬಂದದ್ದು ಬೇರೆ.

“ಮೇಸ್ತ್ರಿನ್ನ ಕೇಳದ ನಾನಾ ಕಲಸೀನ್ರಿ. ಕೆಟ್ಟೈತಿ.”

“ಮದವಿಗೆ ಹನ್ನೆರಡ ದಿನ ಉಳದಾವ.”

“ಎಂಟ ದಿನದಾಗ ಮಾಡಿ ಕೊಡ್ತೇನ್ರಿ.”

“ಆಗದಿದ್ರ?”

“ಆಗದಿದ್ರ ಬೆಳ್ಳಗ ಸುಣ್ಣ ಬಳದು ಗೋಕಾಕಕ್ಕ ಹೊಕ್ಕೇನ್ರಿ. ಮತ್ತ ಯಾರ ಗ್ವಾಡಿನೂ ಮುಟ್ಟೂದಿಲ್ಲ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮತ್ತೊಬ್ಬರ ಮ್ಯಾಲ ಹಾಕಿದ್ರ ಈಗಿಂದೀಗ ಕಳಸ್ತಿದ್ನಿ. ಕೆರಿ ಅದನ್ನ,” ಅಂದು ಒಳಗೆ ಹೋದರು.

ಎರಡು ದಿನ ಕೆರೆದೆ. ಉಗುರಿನ ಸಂದಿ, ಹುಬ್ಬು, ಎಲ್ಲ ನೀಲಿ. ಮೇಸ್ತ್ರಿ ಬೈಯಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಇಟ್ಟಿಗೆಯ ತುಂಡೊಂದನ್ನು ಎತ್ತಿ ಸುಣ್ಣ ಬಳಿದರು. ಒಣಗಿದ ಮೇಲೆ ಅದಕ್ಕೆ ನೀಲಿ ಹಚ್ಚಿ ಬಿಸಿಲಿಗಿಟ್ಟರು. “ಹಸೀದು ನೋಡಿ ಬಣ್ಣ ಆರಿಸಬ್ಯಾಡ. ಇದು ಒಣಗಲಿ, ಆಮ್ಯಾಲ ಒಳಗ ಒಯ್ದು ಅದಾ ಕ್ವಾಣ್ಯಾಗ, ಅದಾ ಬೆಳಕಿನಾಗ ನೋಡು. ಇಡೀ ಕ್ವಾಣಿಗೆ ಆಗೂವಷ್ಟ ಒಮ್ಮೆ ಕಲಸು. ಗ್ವಾಡಿ ಹಿಡದ್ರ ಮೂಲಿ ಮುಟ್ಟೂತನಕ ಕುಂಚ ಇಡಬ್ಯಾಡ, ಯಾರ ಕರದ್ರೂ.” ಅಷ್ಟೇ ಪಾಠ. ಏಳು ಇಟ್ಟಿಗೆ ತುಂಡುಗಳಿಗೆ ಏಳು ಥರ ನೀಲಿ ಹಚ್ಚಿ, ಒಣಗಿಸಿ, ಆಯಿಸಾಹೇಬರ ಮುಂದೆ ಸಾಲಾಗಿಟ್ಟೆ. ಅವರು ಮದುಮಗಳನ್ನೇ ಕರೆಸಿ ಆರಿಸಲು ಹೇಳಿದರು. ಏಳನೆಯ ದಿನ ಕೋಣೆ ಮುಗಿಯಿತು. ಹಸಿ ಬಣ್ಣ ತೋರಿಸಿ ನಾನು ಅಲ್ಲಿಂದಾಚೆ ಒಂದು ಮನೆಯಲ್ಲೂ ಮಾತು ಕೊಡಲಿಲ್ಲ.

ಆ ವಾಡೆಯಲ್ಲಿ ದೇವರ ಕೋಣೆಗೆ ಮಾತ್ರ ನನ್ನನ್ನು ಬಿಡಲಿಲ್ಲ. ಅದನ್ನು ಮನೆಯವರೇ ಬಳಿದುಕೊಂಡರು. ಹೊಸ್ತಿಲ ಈಚೆ ಕುಳಿತು ಹೇಗೆ ಹಚ್ಚಬೇಕೆಂದು ಹೇಳಿದೆ, ಅವರು ಕೇಳಲಿಲ್ಲ. ಮದುವೆಯ ದಿನ ಸುಣ್ಣದ ಹಕ್ಕಳೆ ಆರತಿಯ ತಟ್ಟೆಯಲ್ಲೇ ಬಿತ್ತಂತೆ.

ಮದುವೆಗೆ ಬಂದ ನೆಂಟರ ಹೆಂಗಸರು ಆ ನೀಲಿ ಕೋಣೆ ನೋಡಿಕೊಂಡು ಹೋದರು. ಮುಂದೆ ನನಗೆ ಕೆಲಸ ಬಂದದ್ದೆಲ್ಲ ಹಾಗೆಯೇ, ಹೆಂಗಸರ ಬಾಯಿಂದ ಹೆಂಗಸರ ಕಿವಿಗೆ. ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆಯ ಎಷ್ಟೋ ಮನೆಗಳ ಪಡಸಾಲೆ ಹೇಗಿದೆ ಎಂದು ಕೇಳಿದರೆ ಇಂದಿಗೂ ನನಗೆ ಹೇಳಲು ಬರುವುದಿಲ್ಲ. ಅಡಿಗೆಮನೆ, ಮಲಗುವ ಕೋಣೆ, ಬಾಣಂತಿ ಕೋಣೆ, ಅಟ್ಟ, ಇವು ಕಣ್ಣು ಮುಚ್ಚಿದರೂ ಕಾಣುತ್ತವೆ. ಗಂಡಸರ ಮುಂದೆ ಆಡದ ಮಾತುಗಳನ್ನು ಹೆಂಗಸರು ನನ್ನ ನಿಚ್ಚಣಿಕೆಯ ಕೆಳಗೆ ನಿಂತು ಆಡಿದ್ದಾರೆ. ಹೊಸಬರಿಗೆ ಒಂದು ಮಾತು. ಮೇಲಿನಿಂದ ಕೇಳಿಸಿದ್ದನ್ನು ಕೆಳಗೆ ಇಳಿದು ಹೇಳಬೇಡಿ. ನನ್ನನ್ನು ಮತ್ತೆ ಮತ್ತೆ ಕರೆದದ್ದು ಕುಂಚಕ್ಕಾಗಿ ಅಷ್ಟೇ ಅಲ್ಲ.

ಇಮಾಮಸಾಬ ಮೇಸ್ತ್ರಿಗಳಂಥ ಮೇಲಿನವರು ಈಗ ಸಿಗುವುದಿಲ್ಲ. ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಹದಿನೈದು ದಿನ ಮುಟ್ಟಗೊಡುತ್ತಿರಲಿಲ್ಲ. ಅಗಸೆ ಎಣ್ಣೆಯನ್ನು ಮೂಸಿ ನೋಡಿಯೇ ಹಳೆಯದೋ ಹೊಸದೋ ಹೇಳುತ್ತಿದ್ದರು. ಗೋಕಾಕದ ಒಂದು ಮನೆಯಲ್ಲಿ ನಾನು ಕಾಳಿನ ಕಣಜದ ಹಿಂದೆ ಒಂದೇ ಕೈ ಹಚ್ಚಿ ಬಿಟ್ಟಿದ್ದೆ. ಅವರು ಬಂದವರೇ ಕಣಜ ಸರಿಸಿ ನೋಡಿದರು.

“ಅಲ್ಲೆ ಯಾರ ನೋಡ್ತಾರ್ರಿ ಮೇಸ್ತ್ರಿ?” ಅಂದೆ.

“ಆ ಮನೀ ಹೆಣ್ಮಗಳು ವರ್ಷಕ್ಕೊಮ್ಮೆ ಕಣಜ ಸರಿಸಿ ಸಾರಸ್ತಾಳ. ಅಕಿ ನೋಡ್ತಾಳ. ಅಕಿ ಏನೂ ಅನ್ನೂದಿಲ್ಲ, ಮುಂದ ಕರಿಯೂದಿಲ್ಲ, ಅಷ್ಟ.”

ಅವರು ತೀರಿಕೊಂಡ ಮೇಲೆ ನಾವು ಗಂಡಹೆಂಡತಿ ಸ್ವಂತಕ್ಕೆ ಕೆಲಸ ಹಿಡಿದೆವು. ಅಷ್ಟರಲ್ಲಿ ಕಾಲ ತಿರುಗಿತ್ತು. ಪೇಟೆಗೆ ಡಬ್ಬಿ ಬಣ್ಣ ಬಂದಿತ್ತು. ಸಂಕೇಶ್ವರದಲ್ಲಿ ಹೊಸ ಬಂಗಲೆಗಳು ಏಳುತ್ತಿದ್ದವು. ಅಲ್ಲಿ ಒಬ್ಬ ಗುತ್ತೇದಾರನ ಕೈಕೆಳಗೆ ಒಂದು ಹಂಗಾಮು ದುಡಿದೆವು. ಬೂಟು ಹಾಕಿಕೊಂಡ ಚುರುಕು ಮನುಷ್ಯ, ಮಾತು ಜಾಸ್ತಿ. ಮೊದಲ ದಿನವೇ, “ಹೆಣ್ಮಕ್ಕಳು ನೀರ ಹೊರ್ರಿ, ಬುರುಸ ಗಂಡಸರ ಕೈಯಾಗ ಇರ್ಲಿ,” ಅಂದ. ಹತ್ತು ದಿನ ನೀರು ಹೊತ್ತೆ. ನೀರು ಹೊರುತ್ತಲೇ ಡಬ್ಬಿ ಬಣ್ಣ ಹೇಗೆ ಬಿಚ್ಚುತ್ತಾರೆ, ಎಷ್ಟು ತೆಳು ಮಾಡುತ್ತಾರೆ ಎಂದು ನೋಡಿಕೊಂಡೆ. ಮಲಗುವ ಕೋಣೆಯ ಗಾರೆ ಇನ್ನೂ ಹಸಿಯಿದ್ದಾಗಲೇ ಅದರ ಮೇಲೆ ಬಣ್ಣ ಹಚ್ಚಿಸಲು ಹೊರಟ.

“ಗ್ವಾಡಿ ಇನ್ನಾ ಬೆವರಾಕತ್ತೈತ್ರಿ. ಹದಿನೈದ ದಿನ ಬಿಡ್ರಿ,” ಅಂದೆ.

“ಇದು ನಿಮ್ಮ ಸುಣ್ಣ ಅಲ್ಲವ್ವಾ, ಡಬ್ಬೀದು,” ಅಂದ.

ತಿಂಗಳೊಪ್ಪತ್ತಿಗೆ ಆ ಬಣ್ಣ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಕೈಗೆ ಬಂತು. ಆಮೇಲೆ ಅವನು ನನ್ನ ಕೈಗೇ ಬುರುಸು ಕೊಟ್ಟ ಅನ್ನಿ. ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದ, ಅದು ಅವನ ದೊಡ್ಡತನ. ಆ ಬಂಗಲೆಯ ನಾಲ್ಕು ಕೋಣೆ ನಾನು ಮುಗಿಸಿದೆ. ಡಬ್ಬಿ ಬಣ್ಣದ ಕೆಲಸ ಪೂರ್ತಿ ಕೈವಶವಾಯಿತು.

ಮಹಾಯುದ್ಧ ಶುರುವಾದ ಮೇಲೆ ಆ ಡಬ್ಬಿಗಳೇ ಮಾಯವಾದವು, ಅಗಸೆ ಎಣ್ಣೆ ಕೂಡ ಸಿಗದಾಯಿತು. ಡಬ್ಬಿ ಬಣ್ಣವೊಂದನ್ನೇ ಕಲಿತಿದ್ದ ಹೊಸ ಹುಡುಗರು ಬೇರೆ ಕೆಲಸ ಹುಡುಕಿಕೊಂಡು ಹೋದರು. ನಾನು ಒಂದು ದಿನವೂ ಸುಮ್ಮನೆ ಕೂರಲಿಲ್ಲ. ಕಣಗಲಾದಲ್ಲಿ ಒಬ್ಬ ಮಾಸ್ತರರ ಮನೆಗೆ ಅವರ ಹಿತ್ತಲಿನ ಕೆಂಪು ಮಣ್ಣನ್ನೇ ಅಗೆದು, ನೀರಲ್ಲಿ ಕದಡಿ, ಮೇಲೆ ನಿಂತ ನಯವಾದ ಕೆನೆ ಬಸಿದುಕೊಂಡೆ. ಹುಣಸೆ ಬೀಜದ ಅಂಟು ಕೂಡಿಸಿದೆ. ನಮ್ಮ ಆಟಿಗೆ ಮನೆಯಲ್ಲಿ ಅಜ್ಜಿಯ ಕಾಲದಿಂದ ಮಾಡುತ್ತ ಬಂದ ಅಂಟು ಅದು. “ನಮ್ಮ ಹಿತ್ತಲಾ ತಂದು ಗ್ವಾಡಿಗೆ ಹಚ್ಚಿದ್ರೇನ್ರಿ?” ಎಂದು ಮಾಸ್ತರರ ಹೆಂಡತಿ ಅನುಮಾನಪಟ್ಟರು. ಹಚ್ಚಿ ಮುಗಿದ ಮೇಲೆ ಅಕ್ಕಪಕ್ಕದವರು ತಮ್ಮ ಹಿತ್ತಲಿಗೂ ನನ್ನನ್ನು ಕರೆದರು.

ಇನ್ನು ಮೂಡಲಗಿಯ ಮನೆಯ ಮಾತು. ಇದು ಯುದ್ಧಕ್ಕಿಂತ ಮೊದಲಿನದು, ಸಂಕೇಶ್ವರದಲ್ಲಿ ಡಬ್ಬಿ ಬಣ್ಣ ಕಲಿತು ಬಂದ ಹೊಸತು. ಇದರಲ್ಲಿ ಕೆಟ್ಟದ್ದು ಗೋಡೆಯೊಂದೇ ಅಲ್ಲ.

ಚನ್ನಬಸಪ್ಪ ಸಾವಕಾರರದು ಕಿರಾಣಿ ವ್ಯಾಪಾರದ ಮನೆತನ. ಮುಂದೆ ಅಂಗಡಿ, ಹಿಂದೆ ಮನೆ. ಮೊದಲ ಹೆಂಡತಿ ತೀರಿಕೊಂಡು ವರ್ಷದ ಮೇಲೆ, ದಡ್ಡಿಯ ಕಡೆಯಿಂದ ನೀಲವ್ವ ಎಂಬ ಹುಡುಗಿಯನ್ನು ತಂದುಕೊಂಡರು. ಮದುವೆಗೆ ಮುಂಚೆ ಅವರ ತಾಯಿ ಗೌರವ್ವ ನನ್ನನ್ನು ಕರೆಸಿ ಮಲಗುವ ಕೋಣೆಗೆ ಬಣ್ಣ ಹಚ್ಚಿಸಿದರು. ಸುಣ್ಣಕ್ಕೆ ಚೂರು ಕೆಂಪು ಕೂಡಿಸಿ ತಿಳಿ ಗುಲಾಬಿ ಮಾಡಿದ್ದೆ. ಸೊಸೆ ಬಂದಳು, ಮಳೆಗಾಲ ಬಂತು. ಮಂಚದ ತಲೆದೆಸೆಯ ಗೋಡೆಯಲ್ಲಿ ಒಂದು ಕಪ್ಪು ಕಲೆ ಎದ್ದಿತು. ಕೆಳಗೆ ಅಗಲ, ಮೇಲೆ ಸಣ್ಣ. ನೋಡಿದವರಿಗೆ ಸೆರಗು ಹೊದ್ದು ಕುಳಿತ ಹೆಂಗಸಿನ ಹಾಗೆ ಕಾಣಿಸುತ್ತಿತ್ತು. ಮೊದಲನೆಯವಳು ತೀರಿಕೊಂಡದ್ದು ಅದೇ ಕೋಣೆಯಲ್ಲಿ.

ಮಳೆ ನಿಂತ ಮೇಲೆ ನನ್ನನ್ನು ಮತ್ತೆ ಕರೆದರು. ಆಗ ಕಲೆ ಒಣಗಿ ಬಿಳಿ ಬೂದಿಯಂತಾಗಿತ್ತು. ನಾನು ಅದನ್ನು ಪೊರಕೆಯಲ್ಲಿ ಗುಡಿಸಿ ಬಿಸಾಕಿ, ಹೊಸದಾಗಿ ಕಲಿತ ಎಣ್ಣೆಯ ಡಬ್ಬಿ ಬಣ್ಣ ಮೂರು ಕೈ ಬಳಿದೆ. ಗೋಡೆ ಕನ್ನಡಿಯ ಹಾಗೆ ಹೊಳೆಯಿತು. “ಇನ್ನ ಈ ಗ್ವಾಡಿಗೆ ಏನಾರ ಆದ್ರ ಕಾಶವ್ವನ ಹೆಸರ ತಗೀಬ್ಯಾಡ್ರಿ,” ಎಂದು ಗೌರವ್ವನಿಗೆ ಸವಾಲು ಹಾಕಿ ಬಂದೆ.

ಮುಂದಿನ ಶ್ರಾವಣದಲ್ಲಿ ಒಂದು ದಿನ ನೀಲವ್ವನ ತಂದೆ ನಮ್ಮ ಬಾಗಿಲಿಗೆ ಬಂದರು. ಹೊಲದ ಕೆಲಸ ಬಿಟ್ಟು ಬಂದ ಬಡಪಾಯಿ, ರುಮಾಲು ಕೈಯಲ್ಲಿತ್ತು.

“ಆ ಕಲಿ ಮತ್ತ ಎದ್ದೈತವ್ವಾ. ನೀ ಹಚ್ಚಿದ ಬಣ್ಣ ಗುಳ್ಳಿ ಗುಳ್ಳಿ ಆಗಿ ಒಡದೈತಿ. ಕಾಶವ್ವನ ಕೈ ಬಣ್ಣಾನೂ ನಿಂದ್ರಲಿಲ್ಲ ಅಂದ ಮ್ಯಾಲ ಇದು ಗ್ವಾಡಿ ದೋಷ ಅಲ್ಲ, ನಿನ್ನ ಮಗಳ ದೋಷ, ಮದಲನೇಕಿ ಅಕೀನ್ನ ಒಪ್ಪವಲ್ಲಳು ಅಂತಾರ ಬೀಗರು. ಅಮಾಸಿ ಆದಮ್ಯಾಲ ಕರಕೊಂಡ ಹೋಗು ಅಂದಾರ. ಕರಕೊಂಡ ಹೋದ್ರ ಮತ್ತ ಯಾರ ಕರೀತಾರ ಅಕೀನ್ನ?”

ಅಮಾವಾಸ್ಯೆಗೆ ಮೂರು ದಿನವಿತ್ತು. ನನ್ನ ಹೆಸರನ್ನೇ ಸಾಕ್ಷಿ ಮಾಡಿ ಒಂದು ಹುಡುಗಿಯನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ನಮ್ಮವರನ್ನು ಕರೆದುಕೊಂಡು ಮರುದಿನವೇ ಮೂಡಲಗಿಗೆ ಹೋದೆ.

ಗೌರವ್ವ ಬಾಗಿಲಲ್ಲೇ ತಡೆದರು. “ಬಣ್ಣ ಬ್ಯಾಡವ್ವ ಇನ್ನ. ನಿನ್ನ ಕಡಿಂದನೂ ಆಗಲಿಲ್ಲ.”

“ಬಣ್ಣ ತಂದಿಲ್ರಿ. ಒಮ್ಮೆ ಗ್ವಾಡಿ ನೋಡಿ ಹೊಕ್ಕೇನಿ.”

ಕೋಣೆಯಲ್ಲಿ ನೀಲವ್ವ ಟ್ರಂಕಿನ ಪಕ್ಕ ಕುಳಿತಿದ್ದಳು. ಅರಿವೆಗಳನ್ನು ತುಂಬಿ ಹಗ್ಗ ಕಟ್ಟಿಯಾಗಿತ್ತು. ನನ್ನನ್ನು ನೋಡಿ ಎದ್ದಳು. ನಾನು ಗೋಡೆಗೆ ಅಂಗೈ ಹಚ್ಚಿದೆ. ಎರಡು ಸಲ ಬಣ್ಣ ಹಚ್ಚಿದ್ದೆ, ಬರಿಗೈಯಿಂದ ಮುಟ್ಟಿದ್ದು ಅದೇ ಮೊದಲು. ಕಲೆಯಿದ್ದಲ್ಲಿ ತಣ್ಣಗೆ ಒದ್ದೆ, ಒಂದು ಮೊಳ ಆಚೆ ಒಣ. ಮಾಳಿಗೆ ಸೋರಿದರೆ ಮೇಲಿಂದ ಗೆರೆ ಇಳಿಯಬೇಕು, ಇಳಿದಿಲ್ಲ. ನೆಲದ ತೇವವಾದರೆ ಉದ್ದಕ್ಕೂ ಏರಬೇಕು, ಏರಿಲ್ಲ. ಬಣ್ಣದ ಗುಳ್ಳೆಯೊಂದನ್ನು ಉಗುರಿನಿಂದ ಎತ್ತಿದೆ. ಒಳಗೆ ಸಣ್ಣ ಸಣ್ಣ ಬಿಳಿ ಹರಳು. ಆಟಿಗೆ ಮಾಡುವವರ ಮನೆಯಲ್ಲಿ ಮೊದಲು ಕಲಿಸುವುದು ಬಣ್ಣದ ಕೈ ಬಾಯಿಗೆ ಹೋಗಬಾರದು ಎಂದು. ಆ ದಿನ ನಾನು ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ.

ಉಪ್ಪು.

“ಈ ಗ್ವಾಡಿ ಆಚಿ ಬಾಜೂ ಏನೈತಿ ನೀಲವ್ವ?”

“ಸಾಮಾನ ಖೋಲಿ ಐತಿ ಕಾಕು. ಅಂಗಡಿ ಕಡಿಂದ ಬಾಗಲಾ ಐತಿ. ನಾವು ಹೆಣ್ಮಕ್ಕಳು ಅಲ್ಲೆ ಹೋಗೂದಿಲ್ಲ.”

ನಡುಬಾಗಿಲಿಗೆ ಹೋಗಿ ನಮ್ಮವರನ್ನು ಕೂಗಿದೆ. ಅವರು ಅಂಗಡಿಯ ಕಡೆಯಿಂದ ಆ ಖೋಲಿಗೆ ಹೋಗಿ ನೋಡಿ ಬಂದರು. “ಉಪ್ಪಿನ ಚೀಲ ಅದಾವ. ಗ್ವಾಡಿಗೆ ಹಚ್ಚಿ ಒಟ್ಟ್ಯಾರ. ಕೆಳಗ ಮೂರು, ಅದರ ಮ್ಯಾಲ ಎರಡು, ಮ್ಯಾಲ ಒಂದ. ನೆಲಾ ಎಲ್ಲಾ ಉಪ್ಪನೀರು.”

ಹಿಂದೆಯೇ ಸಾವಕಾರರು ಬಂದರು, ಮುಖ ಕೆಂಪಾಗಿತ್ತು. “ಚೀಲ ಇಟ್ಟರ ಏನಾತು? ಎಲ್ಲಾರೂ ಇಡ್ತಾರ.”

“ಯಾವಾಗಿಂದ ಅಲ್ಲೆ ಇಡಾಕತ್ತೀರಿ ಸಾವಕಾರ್ರ?”

“ಮೊದ್ಲ ಅಂಗಡ್ಯಾಗ ಇಡ್ತಿದ್ವಿ. ಮದಲನೇಕಿ ತೀರಕೊಂಡ ವರ್ಷ ಒಳಗ...” ಅಂದವರು ಅಲ್ಲಿಗೇ ನಿಂತರು. ತಾವು ಆಡಿದ್ದು ತಮಗೇ ಕೇಳಿಸಿತು ಅನ್ನಿಸುತ್ತದೆ.

ಗೌರವ್ವ ಒಪ್ಪಲಿಲ್ಲ. “ಉಪ್ಪಾದ್ರ ಹೆಂಗಸಿನ ಆಕಾರ ಯಾಕ ಬರತೈತಿ?”

“ಚೀಲ ಒಟ್ಟಿದ್ದ ಹಂಗ್ರಿ ಅವ್ವಾರ. ಕೆಳಗ ಮೂರು, ಮ್ಯಾಲ ಒಂದು. ಮಳಿಗಾಲದಾಗ ಉಪ್ಪು ನೀರ ಬಿಡತೈತಿ, ಗ್ವಾಡಿ ಕುಡೀತೈತಿ. ನಾ ಎಣ್ಣಿ ಬಣ್ಣ ಹಚ್ಚಿ ಅದರ ಬಾಯಿ ಮುಚ್ಚೀನಿ, ಅದಕ್ಕ ಒಡದು ಬಂದೈತಿ. ನನ್ನ ಮಾತ ಬ್ಯಾಡ. ನೀವಾ ನಾಲಿಗಿಗೆ ಹಚ್ಚಿ ನೋಡ್ರಿ.”

ಅವರು ಹಿಂದೆ ಸರಿದರು. ಸತ್ತವಳ ಗುರುತು ಎಂದು ಎರಡು ಮಳೆಗಾಲ ನಂಬಿದ್ದನ್ನು ಬಾಯಿಗೆ ಹೇಗೆ ಹಾಕಿಕೊಳ್ಳಬೇಕು? ಅಷ್ಟರಲ್ಲಿ ನೀಲವ್ವ ಮುಂದೆ ಬಂದಳು. ಗೋಡೆಗೆ ಬೆರಳು ಒರೆಸಿ ನಾಲಿಗೆಗೆ ಇಟ್ಟುಕೊಂಡಳು. ಅವಳ ಕಣ್ಣಿಂದ ನೀರು ಸುರಿಯಹತ್ತಿತು.

“ಉಪ್ಪ ಐತ್ರಿ ಅತ್ತಿ. ಬರೇ ಉಪ್ಪ.”

ಗೌರವ್ವ ಸೊಸೆಯ ಮುಖ ನೋಡಿದರು, ಗೋಡೆ ನೋಡಿದರು. ಒಂದು ಹರಳು ಎತ್ತಿ ಬಾಯಿಗೆ ಹಾಕಿಕೊಂಡರು. ಆಮೇಲೆ ಮಂಚದ ಮೇಲೆ ಕುಳಿತರು.

“ಇದರಾಗ ತಪ್ಪು ಯಾರದಾರ ಇದ್ರ ನಂದ್ರಿ,” ಅಂದೆ. “ಡಬ್ಬಿ ಬಣ್ಣ ಕಲತ ಸೊಕ್ಕಿನಾಗ ಗ್ವಾಡಿ ಮುಟ್ಟಿ ನೋಡಲಿಲ್ಲ. ಒಂದ ವರ್ಷ ಕೊಡ್ರಿ. ಚೀಲ ತಗೀರಿ, ಗಾರಿ ಕೆತ್ತಿಸ್ರಿ, ಗ್ವಾಡಿಗೆ ಎರಿ ಮಣ್ಣಿನ ಕೆಸರು ಮೆತ್ತಿ ಒಣಗಿದ ಮ್ಯಾಲ ತಗೀಬೇಕು. ಅದು ಉಪ್ಪ ಹೀರಕೋತೈತಿ. ಮುಂದಿನ ಮಳಿಗಾಲ ಬರಲಿ. ಕಲಿ ಮತ್ತ ಎದ್ರ ನಾನಾ ಬಂದು, ಪೇಟಿ ಮಂದಿ ಮುಂದ ನಿಂತು, ನನಗ ಕೆಲಸ ಬರೂದಿಲ್ಲ ಅಂತ ಹೇಳ್ತೇನಿ. ಅಲ್ಲಿತನಕ ಸೊಸಿನ್ನ ಕಳಸಬ್ಯಾಡ್ರಿ.”

ಸಾವಕಾರರು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಚೀಲ ಎಳೆಯುವ ಸಪ್ಪಳ ಕೇಳಿಸಿತು. ನೀಲವ್ವ ಅಲ್ಲೇ ಕುಳಿತು ಟ್ರಂಕಿನ ಹಗ್ಗ ಬಿಚ್ಚಿದಳು.

ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ನಾನೇ ನಿಂತು ಕೆತ್ತಿಸಿದೆ. ಮೊದಲ ಸಲ ಕೆಸರು ಮೆತ್ತಿ ತೋರಿಸಿಕೊಟ್ಟೆ. ಹದಿನೈದು ದಿನಕ್ಕೊಮ್ಮೆ ಗೋಕಾಕದಿಂದ ಹೋಗಿ ಬರಲು ಆಗುತ್ತಿರಲಿಲ್ಲ, ಮುಂದಿನದನ್ನು ನೀಲವ್ವ ತಾನೇ ಮಾಡಿದಳು. ಕೆಸರು ಮೆತ್ತುವುದು, ಒಣಗಿದ್ದನ್ನು ಕೆತ್ತುವುದು, ದೂರ ಒಯ್ದು ಚೆಲ್ಲುವುದು. ಮೊದಮೊದಲು ಒಬ್ಬಳೇ ಮಾಡುತ್ತಿದ್ದಳಂತೆ. ಸಂಕ್ರಾಂತಿ ಮುಂದೆ ನಾನು ಹೋದಾಗ ಗೌರವ್ವ ಸೀರೆ ಮೇಲೆ ಕಟ್ಟಿಕೊಂಡು ಕೆಸರು ಕಲಸಿಕೊಡುತ್ತಿದ್ದರು. ಉಪ್ಪು ಹೋಯಿತೋ ಇಲ್ಲವೋ ಎಂದು ಪ್ರತಿ ಸಲ ಗೋಡೆಯ ರುಚಿ ನೋಡುವ ಕೆಲಸವನ್ನೂ ಅವರೇ ವಹಿಸಿಕೊಂಡಿದ್ದರು.

ಮರುವರ್ಷ ಗೋಡೆಗೆ ಹೊಸ ಗಾರೆಯಾಯಿತು, ಬಣ್ಣ ಹಚ್ಚದೆ ಬಿಟ್ಟೆವು. ಜೋರು ಮಳೆಯಾಯಿತು. ಆ ಮಳೆಗಾಲದಲ್ಲಿ ನನಗೂ ಸರಿಯಾಗಿ ಊಟ ಸೇರಲಿಲ್ಲ, ಸುಳ್ಳೇಕೆ ಹೇಳಲಿ. ದಸರೆಯ ಮುಂದೆ ಮೂಡಲಗಿಯಿಂದ ಹೇಳಿಕೆ ಬಂತು. ಬಣ್ಣ ತಗೊಂಡು ಬಾ ಎಂದಷ್ಟೇ ಹೇಳಿ ಕಳಿಸಿದ್ದರು.

ಹೋಗಿ ಅಂಗೈ ಹಚ್ಚಿದೆ. ಗೋಡೆ ಇಡಿಯಾಗಿ ಒಣಗಿ ಬೆಚ್ಚಗಿತ್ತು. ಬಣ್ಣ ನೀಲವ್ವನೇ ಆರಿಸಿದಳು, ಗೋದಿಯ ತೆನೆಯಂಥ ತಿಳಿ ಹಳದಿ. ಕಲಸಿ, ಸೋಸಿ, ನಿಚ್ಚಣಿಕೆ ಹತ್ತಬೇಕು ಅನ್ನುವಾಗ ಅವಳು ಹತ್ತಿರ ಬಂದಳು.

“ಕಾಕು, ಈ ಗ್ವಾಡಿಗೆ ಮದಲನೇ ಕೈ ನಾ ಹಚ್ಚಲೇನ?”

ಕುಂಚ ಅವಳ ಕೈಗೆ ಕೊಟ್ಟೆ. ತಲೆದೆಸೆಯ ಗೋಡೆಯನ್ನು ಅವಳು ತನಗೆ ತಿಳಿದಂತೆ ಹಚ್ಚಿದಳು, ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು. ಕುಂಚದ ಗೆರೆಗಳು ಅಡ್ಡಾದಿಡ್ಡಿ ಎದ್ದು ಕಾಣುತ್ತಿದ್ದವು. ಮೇಲೆ ಇನ್ನೊಂದು ಕೈ ಎಳೆದು ಸರಿಮಾಡೋಣವೆಂದು ನಾನು ಕುಂಚ ತೆಗೆದುಕೊಂಡೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗೌರವ್ವ ಒಳಗೆ ಬಂದು ನನ್ನ ಮುಂಗೈ ಹಿಡಿದರು.

“ಅದು ಹಂಗಾ ಇರ್ಲಿ ಕಾಶವ್ವ. ಅಕಿ ಮನಿ, ಅಕಿ ಕೈ.”

ನಾನು ಉಳಿದ ಮೂರು ಗೋಡೆ ಹಚ್ಚಿ ಇಳಿದೆ.